ಮಾಜಿ ಗಂಡ ನನ್ನ ಹೆಸರಲ್ಲಿ ತೆಗೆದ ಸಾಲ, ರಗಳೆ ಬೇಡ ಅಂತ ಕಟ್ಟಿಬಿಡಲಾ?

ಬೇಡ. ಒಂದು ಕಂತನ್ನೂ ಕಟ್ಟಬೇಡಿ.

ಬೇರೆಯಾಗಿ ವರ್ಷವಾಗುತ್ತಾ ಬಂತು, ಗೊತ್ತೇ ಇಲ್ಲದ ಸಾಲಕ್ಕೆ ಈಗ ವಸೂಲಿಯವರು ಫೋನ್ ಮಾಡುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನೂ ರಗಳೆ ಬೇಡ ಅಂತಲೇ ಎರಡು ಕಂತು ಕಟ್ಟಿದವಳು. "ಸದ್ಯಕ್ಕೆ ಇದೊಂದು ಹಾಕಿಬಿಡಿ, ಆಮೇಲೆ ನೋಡೋಣ" ಅಂದಿದ್ದರು, ದನಿ ಎಷ್ಟು ಮೃದು ಅಂತೀರಿ. ಆಮೇಲೆ ಇದು ನನ್ನ ಸಾಲವೇ ಅಲ್ಲ ಅಂತ ಹೋದಾಗ ಬಂದ ಮೊದಲ ಪ್ರಶ್ನೆ: ಹಾಗಾದರೆ ಕಟ್ಟಿದ್ದು ಯಾಕೆ? ಕಟ್ಟಿದ್ದನ್ನೇ ಸಾಲ ಒಪ್ಪಿಕೊಂಡ ಗುರುತು ಅಂತ ವಾದ ಮಾಡುತ್ತಾರೆ. ಅದರಿಂದ ಬಿಡಿಸಿಕೊಳ್ಳೋಕೇ ನನಗೆ ತಿಂಗಳುಗಟ್ಟಲೆ ಹಿಡಿಯಿತು.

ಫೋನಲ್ಲಿ ಜಗಳಕ್ಕೂ ಇಳಿಯಬೇಡಿ. "ಈ ಸಾಲ ನಾನು ತೆಗೆದಿಲ್ಲ, ಏನಿದ್ದರೂ ಬರೆದು ಕಳಿಸಿ" ಅಂತ ಹೇಳಿ ಇಟ್ಟುಬಿಡಿ. ಹುಟ್ಟಿದ ದಿನಾಂಕ, ಒಟಿಪಿ ಏನನ್ನೂ ಕೊಡಬೇಡಿ. ಆ ಕಡೆ ಇರೋದು ನಿಜಕ್ಕೂ ಯಾರು ಅಂತ ನಿಮಗೇನು ಗೊತ್ತು?

ಮೊದಲು ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ದಾಖಲೆ, ತೆಗೆಸಿ, ಅದೂ ಒಂದೇ ಕಡೆಯಿಂದಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಥರದ ಕ್ರೆಡಿಟ್ ಬ್ಯೂರೋಗಳು ಬೇರೆ ಬೇರೆ ದಾಖಲೆ ಇಟ್ಟುಕೊಂಡಿರುತ್ತವೆ, ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಕಾಣದೆ ಇರಬಹುದು. ನನಗೆ ಫೋನ್ ಬಂದದ್ದು ಒಂದು ಸಾಲಕ್ಕೆ. ರಿಪೋರ್ಟಲ್ಲಿ ಇದ್ದದ್ದು ಮೂರು.

ಆಮೇಲೆ ಸಾಲ ಕೊಟ್ಟವರಿಂದ ಅರ್ಜಿಯ ಪ್ರತಿ ಕೇಳಿ. ಇಡೀ ವಿಷಯ ನಿಂತಿರೋದೇ ಅದರ ಮೇಲೆ. ಯಾವ ದಾಖಲೆ ಕೊಟ್ಟಿದ್ದರು, ಒಟಿಪಿ ಯಾವ ನಂಬರಿಗೆ ಹೋಯಿತು, ದುಡ್ಡು ಯಾವ ಖಾತೆಗೆ ಬಿತ್ತು, ಎಲ್ಲವನ್ನೂ ಬರೆದು ಕೇಳಿ, ಕಳಿಸಿದ್ದರ ಪ್ರತಿ ಇಟ್ಟುಕೊಳ್ಳಿ. ನನ್ನದರಲ್ಲಿ ಇದ್ದದ್ದು ನನ್ನದೇ ಗುರುತಿನ ಚೀಟಿಯ ಫೋಟೋ. ಒಟ್ಟಿಗಿದ್ದಾಗ ನನ್ನ ಗಂಡ ಯಾವುದಕ್ಕೋ ಬೇಕು ಅಂದಿದ್ದ, ನಾನೇ ಮೊಬೈಲಲ್ಲಿ ತೆಗೆದು ಕಳಿಸಿದ್ದೆ. ಮೂಲೆಯಲ್ಲಿ ನನ್ನ ಹೆಬ್ಬೆರಳು ಕೂಡ ಕಾಣುತ್ತಿತ್ತು! ಆದರೆ ಮೊಬೈಲ್ ನಂಬರ್ ಅವನದು, ದುಡ್ಡು ಬಿದ್ದ ಖಾತೆಯೂ ಅವನದೇ.

ಪೊಲೀಸ್ ದೂರು ಕೊಡೋಕೆ ಮನಸ್ಸು ಹಿಂಜರಿಯುತ್ತೆ, ಗೊತ್ತು. ನಾನೂ ವಾರಗಟ್ಟಲೆ ಸುಮ್ನೆ ಕೂತಿದ್ದೆ. ಹೋದಾಗಲೂ "ಗಂಡ ಹೆಂಡತಿ ವಿಷಯ, ನೀವೇ ಮಾತಾಡಿಕೊಳ್ಳಿ" ಅಂತ ಸಾಗಹಾಕಲು ನೋಡಿದರು. ನನ್ನ ಒಪ್ಪಿಗೆ ಇಲ್ಲದೆ ನನ್ನ ದಾಖಲೆ ಇಟ್ಟು ಸಾಲ ತೆಗೆದರೆ ಅದು ವಂಚನೆ, ತೆಗೆದವನು ಒಂದು ಕಾಲಕ್ಕೆ ಗಂಡ ಆಗಿದ್ದ ಅಂತ ಮನೆಜಗಳ ಆಗಿಬಿಡುತ್ತಾ? ದೂರಿನ ಪ್ರತಿ ಕೈಗೆ ಬರುವವರೆಗೂ ಸಾಲ ಕೊಟ್ಟವರು ನನ್ನ ಪತ್ರಕ್ಕೆ ಉತ್ತರವನ್ನೇ ಕೊಟ್ಟಿರಲಿಲ್ಲ. ಅದನ್ನೇ ಜೊತೆಗಿಟ್ಟು ಬ್ಯೂರೋಗಳಲ್ಲೂ ತಕರಾರು ದಾಖಲಿಸಿ. ಹಲವು ಕಡೆ ಅದನ್ನು 30 ದಿನದಲ್ಲಿ ವಿಚಾರಿಸಬೇಕು ಅಂತ ನಿಯಮವಿದೆ. ಕೋರ್ಟ್ ನೋಟಿಸ್ ಬಂದರೆ ಮಾತ್ರ ಬದಿಗಿಡಬೇಡಿ, ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗಬಹುದು.

ಒಂದು ವಿಷಯ ನಿಮಗೆ ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಗೊತ್ತಿದ್ದೇ ಸಹಿ ಹಾಕಿದ್ದಿರಾ? ಜಂಟಿ ಸಾಲವಾ? ಹಾಗಿದ್ದರೆ ಅಥವಾ ಹೆದರಿಸಿ ಹಾಕಿಸಿದ್ದರೆ ದಾರಿಯೇ ಬೇರೆ, ವಕೀಲರನ್ನು ಕಾಣಿ. ವಿಚ್ಛೇದನದ ತೀರ್ಪಲ್ಲಿ ಅವನೇ ಕಟ್ಟಬೇಕು ಅಂತ ಬರೆದಿದ್ದರೂ, ನೀವೇ ಸಹಿ ಹಾಕಿದ ಸಾಲವಾದರೆ ಸಾಮಾನ್ಯವಾಗಿ ಸಾಲ ಕೊಟ್ಟವರನ್ನು ಅದು ತಡೆಯಲ್ಲ.

ಇವತ್ತು ರಾತ್ರಿಯೇ ಇಮೇಲ್ ಪಾಸ್‌ವರ್ಡ್ ಬದಲಿಸಿ, ರಿಕವರಿ ನಂಬರ್ ಯಾರದ್ದಿದೆ ನೋಡಿ. ನನ್ನದರಲ್ಲಿ ಇನ್ನೂ ಅವನದೇ ಇತ್ತು.

ದೂರಿನ ಸುದ್ದಿ ಮುಟ್ಟಿದ ಮೇಲೆ ಅವನ ಮೆಸೇಜ್ ಬಂತು: "ಕಂಪ್ಲೇಂಟ್ ವಾಪಸ್ ತಗೋ, ಮೂರನ್ನೂ ನಾನೇ ಕಟ್ತೀನಿ." ಮೂರು ಅಂತ ನಾನು ಅವನಿಗೆ ಹೇಳೇ ಇರಲಿಲ್ಲ. ಉತ್ತರ ಕೊಡಲಿಲ್ಲ, ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಸೇರಿಸಿದೆ.