ಓದುಗರ ಪ್ರಶ್ನೆ: ನೈಸಿಯದಲ್ಲಿ ನಡೆದದ್ದು ಯಾರ ಮಾತು?

ಪ್ರಶ್ನೆ: ನೈಸಿಯ ಮಹಾಸಭೆಗೆ 1700 ವರ್ಷ ತುಂಬಿದ ನಿಮಿತ್ತ ನಮ್ಮ ಇಗರ್ಜಿಯಲ್ಲಿ ಉಪನ್ಯಾಸವಿತ್ತು. ಹೊರಬರುವಾಗ ಗೆಳೆಯರೊಬ್ಬರು, ‘ಭಾನುವಾರ ನಾವು ಹೇಳುವ ವಿಶ್ವಾಸ ಪ್ರಮಾಣವನ್ನು ಬರೆಸಿದ್ದು ಕಾನ್‌ಸ್ಟಂಟೈನ್ ಚಕ್ರವರ್ತಿ, ಬಿಷಪರು ಹೆಬ್ಬೆಟ್ಟು ಒತ್ತಿದರು ಅಷ್ಟೆ’ ಎಂದರು. ಇದು ನಿಜವೆ?
— ಓದುಗರೊಬ್ಬರು, ಕುಲಶೇಖರ, ಮಂಗಳೂರು

ಉತ್ತರ: ಅರ್ಧ ನಿಜ. ಕ್ರಿ.ಶ. 325ರಲ್ಲಿ ಈಗಿನ ತುರ್ಕಿಯಲ್ಲಿರುವ ನೈಸಿಯ ನಗರದಲ್ಲಿ ಬಿಷಪರ ಸಭೆಯನ್ನು ಕರೆದವನು, ಬಿಷಪರ ಪ್ರಯಾಣಕ್ಕೆ ಸರಕಾರಿ ವಾಹನಗಳನ್ನು ಒದಗಿಸಿದವನು, ಕ್ರಿಸ್ತನು ತಂದೆಗೆ ಸಮನಲ್ಲ, ಸೃಷ್ಟಿಯಾದವನು ಎಂದು ಬೋಧಿಸಿ ಸಭೆಯ ತೀರ್ಮಾನವನ್ನು ಒಪ್ಪದ ಅಲೆಕ್ಸಾಂಡ್ರಿಯದ ಗುರು ಏರಿಯಸ್‌ನನ್ನು ಗಡೀಪಾರು ಮಾಡಿದವನು ಚಕ್ರವರ್ತಿಯೇ. ಕ್ರಿಸ್ತನು ತಂದೆಯೊಂದಿಗೆ ‘ಒಂದೇ ಸತ್ವ’ದವನೆಂಬ ಮಾತನ್ನು ಅವನು ಸ್ವತಃ ಸಮರ್ಥಿಸಿದನೆಂದು ಸಭೆಯಲ್ಲಿದ್ದ ಸಿಸೇರಿಯದ ಯುಸೇಬಿಯಸ್ ಬರೆದಿದ್ದಾನೆ. ಆದರೆ ಅರಮನೆಯ ಆಜ್ಞೆಯೊಂದರಿಂದಲೇ ಸಿದ್ಧಾಂತ ನಿಲ್ಲುವುದಾಗಿದ್ದರೆ ಈ ಪ್ರಮಾಣ 40 ವರ್ಷವೂ ಬಾಳುತ್ತಿರಲಿಲ್ಲ. ಕಾನ್‌ಸ್ಟಂಟೈನನ ಮಗ ಕಾನ್‌ಸ್ಟಾಂಷಿಯಸ್ ಎದುರು ಪಕ್ಷದವನು, ಅಂದರೆ ‘ಒಂದೇ ಸತ್ವ’ ಎಂಬ ಮಾತನ್ನು ಒಪ್ಪದವನು. ಅವನ ಒತ್ತಡಕ್ಕೆ ಮಣಿದು 360ರ ಕಾನ್‌ಸ್ಟಾಂಟಿನೋಪಲ್ ಸಭೆಯು ‘ಸತ್ವ’ದ ಮಾತನ್ನೇ ಎತ್ತಕೂಡದೆಂದು ತೀರ್ಮಾನಿಸಿತು. ಚಕ್ರವರ್ತಿಯ ಬೆಂಬಲವಿದ್ದೂ ಆ ತೀರ್ಮಾನ ಉಳಿಯಲಿಲ್ಲ.

ಹಾಗೆಂದು ಬಿಷಪರು ಅರಮನೆಯಿಂದ ದೂರ ನಿಂತ ವಿರಕ್ತರೇನೂ ಆಗಿರಲಿಲ್ಲ. 335ರಲ್ಲಿ ಟೈರ್ ನಗರದ ಬಿಷಪರ ಸಭೆ ನೈಸಿಯ ಪಕ್ಷದ ಮುಂದಾಳಾದ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನನ್ನು ಪದಚ್ಯುತಗೊಳಿಸಿದಾಗ ಅವನು ನೇರವಾಗಿ ರಾಜಧಾನಿ ಕಾನ್‌ಸ್ಟಾಂಟಿನೋಪಲಿಗೆ ಹೋಗಿ, ಕುದುರೆಯೇರಿ ನಗರ ಪ್ರವೇಶಿಸುತ್ತಿದ್ದ ಚಕ್ರವರ್ತಿಯನ್ನು ನಡುಬೀದಿಯಲ್ಲೇ ಅಡ್ಡಗಟ್ಟಿ ನ್ಯಾಯ ಕೇಳಿದ. ಮೊದಲ ನೋಟಕ್ಕೆ ಅವನ ಗುರುತೇ ಹತ್ತಲಿಲ್ಲವೆಂದು ಕಾನ್‌ಸ್ಟಂಟೈನ್ ತನ್ನ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಬೆನ್ನಲ್ಲೇ ಬಂದ ವಿರೋಧಿಗಳು ಹಳೆಯ ದೂರುಗಳನ್ನೆಲ್ಲ ಬಿಟ್ಟು, ಈಜಿಪ್ಟಿನಿಂದ ರಾಜಧಾನಿಗೆ ಬರುವ ಧಾನ್ಯದ ಹಡಗುಗಳನ್ನು ತಡೆಯುತ್ತೇನೆಂದು ಇವನು ಬೆದರಿಸಿದ್ದಾನೆ ಎಂದರು. ದೇವಶಾಸ್ತ್ರದ ವಾದಕ್ಕೆ ಮಣಿಯದ ದೊರೆ ಅನ್ನದ ಮಾತಿಗೆ ಮಣಿದ. ಅಥನೇಸಿಯಸ್ ದೂರದ ಟ್ರಿಯರ್‌ಗೆ ಗಡೀಪಾರಾದ.

ನನಗೆ ಇನ್ನೂ ಕುತೂಹಲಕರವಾಗಿ ಕಾಣುವವನು ಕಾರ್ಡೋಬಾದ ಬಿಷಪ್ ಹೋಸಿಯಸ್. ಧರ್ಮಕಾರ್ಯ ನಮಗಿರಲಿ, ರಾಜ್ಯಭಾರ ನಿನಗಿರಲಿ ಎಂಬರ್ಥದ ಪತ್ರವನ್ನು ಕಾನ್‌ಸ್ಟಾಂಷಿಯಸ್‌ಗೆ ಬರೆದ ಧೀರ ಅವನು. ಆದರೆ ಅದೇ ಹೋಸಿಯಸ್ 324ರಲ್ಲಿ ಕಾನ್‌ಸ್ಟಂಟೈನನ ದೂತನಾಗಿ, ಏರಿಯಸನ ಬೋಧನೆ ಎಬ್ಬಿಸಿದ್ದ ಜಗಳ ಬಗೆಹರಿಸಲೆಂದು ರಾಜಪತ್ರ ಹಿಡಿದು ಅಲೆಕ್ಸಾಂಡ್ರಿಯಕ್ಕೆ ಹೋಗಿದ್ದ. ರಾಜಹಸ್ತ ತಮ್ಮ ಪಕ್ಷದ ಬೆನ್ನಿಗಿದ್ದಾಗ ಅದು ದೈವಕೃಪೆ, ಎದುರು ಪಕ್ಷದ ಬೆನ್ನಿಗಿದ್ದಾಗ ಅಧಿಕಪ್ರಸಂಗ ಎಂಬ ಈ ಧೋರಣೆ ಎರಡೂ ಕಡೆಯವರಲ್ಲಿತ್ತು. 357ರಲ್ಲಿ, ನೂರರ ಆಸುಪಾಸಿನ ವಯಸ್ಸಿನಲ್ಲಿ, ಆ ಮುದುಕನಿಂದಲೂ ಸಿರ್ಮಿಯಂನಲ್ಲಿ ಎದುರು ಪಕ್ಷದ ಹೇಳಿಕೆಗೆ ಬಲವಂತದ ಒಪ್ಪಿಗೆ ಪಡೆಯಲಾಯಿತು.

ಕೊನೆಗೆ 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ನೈಸಿಯದ ಪಕ್ಷವನ್ನು ರಾಜಾಜ್ಞೆಯಿಂದ ಎತ್ತಿಹಿಡಿದ. ಗಮನಿಸಬೇಕಾದದ್ದು, ಸರಿಯಾದ ವಿಶ್ವಾಸಕ್ಕೆ ಅವನು ಕೊಟ್ಟ ಅಳತೆಗೋಲು ರೋಮಿನ ದಮಾಸಸ್ ಮತ್ತು ಅಲೆಕ್ಸಾಂಡ್ರಿಯದ ಪೀಟರ್ ಎಂಬ ಇಬ್ಬರು ಬಿಷಪರ ಬೋಧನೆ. ಆದರೂ ರಾಜಧಾನಿಯ ಮುಖ್ಯ ಚರ್ಚನ್ನು ನೈಸಿಯ ಪಕ್ಷದ ಬಿಷಪ್ ಗ್ರೆಗೊರಿಗೆ ಒಪ್ಪಿಸುವಾಗ ಸೈನಿಕರ ಕಾವಲು ಬೇಕಾಯಿತು. ನೀವೀಗ ಹೇಳುವ ಪಾಠವನ್ನು ಪರಂಪರೆಯು ಮರುವರ್ಷದ, ಅಂದರೆ 381ರ, ಸಭೆಯೊಂದಿಗೆ ಜೋಡಿಸುತ್ತದೆ.

ಪ್ರಶ್ನೆ: ಬೈಜಾಂಟಿಯಂನ, ಅಂದರೆ ಪೂರ್ವ ರೋಮ್ ಸಾಮ್ರಾಜ್ಯದ, ಚಕ್ರವರ್ತಿಗೆ ಪುರೋಹಿತನ ಸ್ಥಾನವೂ ಇತ್ತೆ?
— ಓದುಗರೊಬ್ಬರು, ಉಡುಪಿ

ಉತ್ತರ: ಇದೇ ಪ್ರಶ್ನೆಯನ್ನು 655ರಲ್ಲಿ ವಿಚಾರಣಾಧಿಕಾರಿಗಳು ಮ್ಯಾಕ್ಸಿಮಸ್ ಎಂಬ ಸಂನ್ಯಾಸಿಗೆ ಹಾಕಿದ್ದರು. ಅವನು ಇಲ್ಲವೆಂದ: ಚಕ್ರವರ್ತಿ ಬಲಿಪೀಠದ ಬಳಿ ನಿಲ್ಲುವುದಿಲ್ಲ, ದೀಕ್ಷಾಸ್ನಾನ ಕೊಡುವುದಿಲ್ಲ, ಪೂಜೆಯಲ್ಲಿ ಅವನ ಹೆಸರು ಬರುವುದು ಬಿಷಪರು, ಗುರುಗಳು, ಡೀಕನ್ನರೆಲ್ಲರ ನಂತರ, ಜನಸಾಮಾನ್ಯರ ಸಾಲಿನಲ್ಲಿ. ಕ್ರಿಸ್ತನಿಗಿದ್ದದ್ದು ಒಂದೇ ಸಂಕಲ್ಪವೊ ಎರಡೊ ಎಂಬ ಚರ್ಚೆಯನ್ನೇ ನಿಲ್ಲಿಸಬೇಕೆಂಬ ಕಾನ್‌ಸ್ಟನ್ಸ್ ಚಕ್ರವರ್ತಿಯ ಆಜ್ಞೆಗೆ ತಲೆಬಾಗದ ಕಾರಣ 662ರಲ್ಲಿ ಮ್ಯಾಕ್ಸಿಮಸ್‌ನ ನಾಲಿಗೆ ಮತ್ತು ಬಲಗೈ ಕತ್ತರಿಸಿ ಕಪ್ಪುಸಮುದ್ರದಾಚೆಗೆ ಅಟ್ಟಲಾಯಿತು. ಅದೇ ವರ್ಷ ಅಲ್ಲೇ ತೀರಿಕೊಂಡ. 680–81ರ ಮಹಾಸಭೆ ಅವನು ಹಿಡಿದಿದ್ದ ಎರಡು ಸಂಕಲ್ಪಗಳ ಪಕ್ಷವನ್ನೇ ಅಂಗೀಕರಿಸಿತು. ಆ ಸಭೆಯನ್ನು ಕರೆದವನು ಕಾನ್‌ಸ್ಟನ್ಸನ ಮಗ.