ಬೀಚ್ ಪ್ರವಾಸದ ಜೊತೆ ಅನುರಾಧಪುರ, ಪೊಲೊನ್ನರುವ ನೋಡಬಹುದಾ?

ನಮಸ್ಕಾರ ಅಕ್ಕ. ಮೇ ಮೊದಲ ವಾರ ಅಮ್ಮ ಮತ್ತು ಮಕ್ಕಳ ಜೊತೆ ಆರು ರಾತ್ರಿ ಶ್ರೀಲಂಕಾಕ್ಕೆ ಹೋಗುತ್ತೇವೆ, ಉಳಿಯುವುದೆಲ್ಲ ಬೆಂತೊಟದ ಬೀಚಿನಲ್ಲಿ ಅಂತ ಬರೆದಿದ್ದೀರಿ. ನಡುವೆ ಒಂದು ದಿನ ಕಾರು ಮಾಡಿಕೊಂಡು ಹಳೆಯ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವ ಎರಡನ್ನೂ ನೋಡಿ ರಾತ್ರಿಗೆ ವಾಪಸ್ ಬರಬಹುದು ಅಂತ ಏಜೆಂಟ್ ಹೇಳಿದ್ದಾರೆ. ಅಮ್ಮನಿಗೆ ಮೊಣಕಾಲು ನೋವು ಬೇರೆ, ಆಗುತ್ತಾ ಅಂತ ಕೇಳಿದ್ದೀರಿ.

ಆಗುವುದಿಲ್ಲ ಅಕ್ಕ. ಬೆಂತೊಟದಿಂದ ಅನುರಾಧಪುರವೇ 250 ಕಿ.ಮೀ.ಗಿಂತ ಜಾಸ್ತಿ. ಅಲ್ಲಿಂದ ಪೊಲೊನ್ನರುವ ಇನ್ನೂ ನೂರು ಕಿ.ಮೀ. ಇಡೀ ದಿನ ಕಾರಿನಲ್ಲೇ ಕಳೆಯುತ್ತದೆ. ಮಟಮಟ ಮಧ್ಯಾಹ್ನ ಇಳಿದು, ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಿ, ನಾಲ್ಕು ಫೋಟೊ ತೆಗೆದು ಹೊರಡಬೇಕಾಗುತ್ತದೆ. ಅಮ್ಮನಿಗೆ ಬೇಡವೇ ಬೇಡ.

ಅದಕ್ಕಿಂತ ಬೀಚನ್ನೇ ಬದಲಾಯಿಸಿ. ಮೇ ತಿಂಗಳಲ್ಲಿ ನೈಋತ್ಯ ಮುಂಗಾರು ಹತ್ತಿರ ಬರುವಾಗ ಬೆಂತೊಟ, ಮಿರಿಸ್ಸ ಕಡೆಯ ಸಮುದ್ರ ಒರಟಾಗುತ್ತದೆ. ಅದೇ ಹೊತ್ತಿಗೆ ಪೂರ್ವ ಕರಾವಳಿಯ ತ್ರಿಂಕೋಮಲಿ, ನಿಲಾವೆಲಿ, ಪಾಸಿಕುಡಾ ಕಡೆ ಕಡಲು ಶಾಂತವಾಗಿರುತ್ತದೆ. ಆ ಕಡೆ ಮಳೆ ಬರುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿವರೆಗೆ. ನಮ್ಮ ಶಾಲೆಗಳ ಬೇಸಿಗೆ ರಜೆಗೆ ಪೂರ್ವದ ಬೀಚೇ ಸರಿ. ಹಳೆಯ ರಾಜಧಾನಿಗಳು ಅದಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತವೆ.

ನನ್ನ ಸಲಹೆ ಇದು. ವಿಮಾನ ನಿಲ್ದಾಣ ಇರುವ ಕಟುನಾಯಕದಿಂದ ಕೊಲಂಬೊ ಒಳಗೆ ಹೋಗದೆ ನೇರ ಅನುರಾಧಪುರಕ್ಕೆ ಹೊರಡಿ, ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ದಾರಿ. ಅಲ್ಲಿ ಎರಡು ರಾತ್ರಿ, ಪೊಲೊನ್ನರುವದಲ್ಲಿ ಎರಡು, ನಿಲಾವೆಲಿಯಲ್ಲಿ ಎರಡು. ವಾಪಸ್ ವಿಮಾನ ಬೆಳಗಿನದಾದರೆ ನಿಲಾವೆಲಿಯಲ್ಲಿ ಒಂದೇ ರಾತ್ರಿ ಇದ್ದು, ಕೊನೆಯ ರಾತ್ರಿ ನೆಗೊಂಬೊದಲ್ಲಿ ಉಳಿಯಿರಿ, ನಿಲ್ದಾಣಕ್ಕೆ ಹತ್ತಿರ.

ಈಗ ಏನು ನೋಡಬೇಕು ಅನ್ನುವುದು. ಈ ಊರುಗಳಿಗೆ ಹೋದವರು ಸ್ತೂಪ, ವಿಗ್ರಹ ನೋಡಿ ಬರುತ್ತಾರೆ, ಕೆರೆ ನೋಡುವುದಿಲ್ಲ. ನಾನಂತೂ ಮೊದಲು ಕೆರೆ ಏರಿ ಹತ್ತಿ ಅಂತೀನಿ. ಇದು ವರ್ಷದಲ್ಲಿ ಕೆಲವೇ ತಿಂಗಳು ಮಳೆ ಕಾಣುವ ಒಣ ಸೀಮೆ. ಇಲ್ಲಿ ಅನುರಾಧಪುರದಂಥ ಊರು ಸಾವಿರದ ಮುನ್ನೂರು ವರ್ಷ ರಾಜಧಾನಿಯಾಗಿ ಬಾಳಿದ್ದು ಕೆರೆ ನೀರಿನಿಂದ. ಭತ್ತ ಬೆಳೆದಿದ್ದಕ್ಕೆ ಭಿಕ್ಷುಗಳಿಗೆ ಊಟ ಸಿಕ್ಕಿತು, ಇಟ್ಟಿಗೆ ಹೊತ್ತವರಿಗೂ ಸಿಕ್ಕಿತು. ಅಲ್ಲಿನ ತಿಸ್ಸ ವೆವದ ಏರಿ ಮೇಲೆ ಸಂಜೆ ನಡೆಯಿರಿ, ವೆವ ಅಂದರೆ ಕೆರೆ. ಅದಕ್ಕೆ ನೀರು ಬರುತ್ತಿದ್ದದ್ದು ದೂರದ ಕಲಾ ವೆವದಿಂದ, ಸುಮಾರು 87 ಕಿ.ಮೀ. ಉದ್ದದ ಕಾಲುವೆಯಲ್ಲಿ. ಐದನೇ ಶತಮಾನದಲ್ಲಿ ಧಾತುಸೇನ ಅನ್ನುವ ರಾಜ ಮಾಡಿಸಿದ್ದು. ಅದರ ಮೊದಲ 17 ಮೈಲಿಯಲ್ಲಿ ಇಳಿಜಾರು ಮೈಲಿಗೆ ಆರೇ ಇಂಚು. ಹೊಲಕ್ಕೆ ಕಾಲುವೆ ತೋಡಿದವರಿಗೆ ಇದು ಎಂಥ ಕೆಲಸ ಅಂತ ಗೊತ್ತಾಗುತ್ತದೆ. ನಮ್ಮ ಕೆರೆಗಳಲ್ಲಿ ತೂಬಿನ ಕಲ್ಲುಗಂಬ ಇರುತ್ತದಲ್ಲ, ಅಲ್ಲಿ ಅದರ ಬದಲು ಏರಿಯ ಒಳಗೆ ಚೌಕ ಬಾವಿ ಕಟ್ಟುತ್ತಿದ್ದರು. ಬಿಸೋಕೊಟುವ ಅನ್ನುತ್ತಾರೆ. ಏರಿ ಕೊಚ್ಚಿಹೋಗದ ಹಾಗೆ ನೀರಿನ ಒತ್ತಡ ಅಲ್ಲೇ ತಗ್ಗುತ್ತಿತ್ತು.

ಆ ಧಾತುಸೇನನ ಮಗನೇ ಕಾಶ್ಯಪ, ಸಿಗಿರಿಯ ಬಂಡೆಯ ಮೇಲೆ ಅರಮನೆ ಕಟ್ಟಿಸಿದವನು. ಅಪ್ಪನನ್ನು ಸೆರೆ ಹಿಡಿದು ನಿಧಿ ಎಲ್ಲಿದೆ ಅಂತ ಕೇಳಿಸಿದಾಗ, ಧಾತುಸೇನ ಕಲಾ ವೆವದ ನೀರಿಗೆ ಇಳಿದು ನನ್ನ ಆಸ್ತಿ ಇಷ್ಟೇ ಅಂದನಂತೆ. ಪಾಲಿ ಭಾಷೆಯಲ್ಲಿರುವ ಅಲ್ಲಿನ ರಾಜರ ಹಳೆಯ ಚರಿತ್ರೆ ಚೂಳವಂಶದಲ್ಲಿ ಈ ಕಥೆ ಇದೆ. ಸಿಗಿರಿಯಕ್ಕೆ ಹೋಗುವ ಮುಂಚೆ ಮಕ್ಕಳಿಗೆ ಹೇಳಿ. ಅನುರಾಧಪುರದಿಂದ ಪೊಲೊನ್ನರುವಕ್ಕೆ ಹೋಗುವಾಗ ಸಿಗಿರಿಯ ನೋಡಿಕೊಂಡೇ ಹೋಗಬಹುದು. ಬಂಡೆಗೆ ಸುಮಾರು 1200 ಮೆಟ್ಟಿಲು, ಅಮ್ಮ ಹತ್ತುವುದು ಬೇಡ. ಕೆಳಗಿನ ನೀರಿನ ತೋಟ ಸಮತಟ್ಟಾಗಿದೆ, ಅದೂ ಕಾಶ್ಯಪನ ಕಾಲದ್ದೇ. ಅವರು ಅಲ್ಲಿ ನಿಧಾನವಾಗಿ ಓಡಾಡಿಕೊಂಡಿರಲಿ.

ಅನುರಾಧಪುರದಲ್ಲಿ ಶ್ರೀ ಮಹಾಬೋಧಿ ಮರಕ್ಕೆ ಬೆಳಿಗ್ಗೆ ಬೇಗ ಹೋಗಿ. ಅಶೋಕನ ಮಗಳು ಸಂಘಮಿತ್ತೆ ಗಯೆಯ ಬೋಧಿವೃಕ್ಷದಿಂದ ತಂದ ಸಸಿ ಅದು ಅನ್ನುತ್ತಾರೆ. ಬಿಳಿ ಬಟ್ಟೆ ಉಟ್ಟ ಜನ ತಾವರೆ, ನೈದಿಲೆ ಹಿಡಿದು ಬರುತ್ತಾರೆ. ನೀವೂ ಒಂದು ಹಿಡಿ ಹೂವು ಕೊಂಡು ಒಳಗೆ ಹೋಗಿ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾಗುವ ಜಾಗ ಇದೇ ಇರಬಹುದು. ಹತ್ತಿರದಲ್ಲೇ ರುವನ್‌ವೆಲಿಸಾಯ ಸ್ತೂಪ, ಅದಕ್ಕೆ ಸಂಜೆ ಹೋಗಿ. ಜೇತವನಾರಾಮ ಇನ್ನೂ ದೊಡ್ಡದು. ಕಟ್ಟಿದಾಗ 122 ಮೀಟರ್ ಎತ್ತರ ಇತ್ತು, ಆ ಕಾಲಕ್ಕೆ ಗೀಜಾದ ಎರಡು ಪಿರಮಿಡ್ ಬಿಟ್ಟರೆ ಲೋಕದಲ್ಲೇ ಎತ್ತರ. ಪೂರ್ತಿ ಇಟ್ಟಿಗೆಯದು.

ಮಕ್ಕಳಿಗೆ ಒಂದು ಕೆಲಸ ಕೊಡಿ. ಮೆಟ್ಟಿಲ ಬುಡದಲ್ಲಿ ಅರ್ಧಚಂದ್ರದ ಕೆತ್ತಿದ ಕಲ್ಲು ಇರುತ್ತದೆ. ಅನುರಾಧಪುರದ ಕಲ್ಲುಗಳಲ್ಲಿ ಆನೆ, ಕುದುರೆ, ಸಿಂಹ, ಗೂಳಿ ಸಾಲಾಗಿವೆ. ಪೊಲೊನ್ನರುವದ ಕಲ್ಲಿನಲ್ಲಿ ಗೂಳಿ ಇಲ್ಲ. ಅವರೇ ಹುಡುಕಲಿ. ನಂದಿಯನ್ನು ತುಳಿಯಬಾರದು ಅಂತ ತೆಗೆದರು ಅನ್ನುವ ವಿವರಣೆ ಇದೆ. 993ರಲ್ಲಿ ಚೋಳರು ಅನುರಾಧಪುರ ಕೆಡವಿದ ಮೇಲೆ ರಾಜಧಾನಿ ಮಾಡಿಕೊಂಡ ಊರು ಪೊಲೊನ್ನರುವ. ಅವರು ಕಟ್ಟಿದ ಶಿವನ ಗುಡಿ ಈಗಲೂ ಅಲ್ಲಿದೆ. ಚೋಳರನ್ನು 1070ರಲ್ಲಿ ಓಡಿಸಿದ ಸಿಂಹಳದ ರಾಜ ವಿಜಯಬಾಹು ಕನ್ನಡ ನಾಡಿನ ರಾಜನಿಗೆ ಉಡುಗೊರೆ ಕೊಟ್ಟು ದೂತರನ್ನು ಕಳಿಸಿದ್ದ. ಆ ರಾಜ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ದಾರಿಯಲ್ಲಿ ಚೋಳರು ಆ ದೂತರ ಕಿವಿ ಮೂಗು ಕೊಯ್ದರು ಅಂತ ಚೂಳವಂಶ ಹೇಳುತ್ತದೆ. ನಮಗೂ ಆ ಊರಿಗೂ ಇರುವ ಈ ಸಂಬಂಧ ಗೊತ್ತಿದ್ದು ನೋಡುವುದೇ ಬೇರೆ.

ಪೊಲೊನ್ನರುವದಲ್ಲಿ ಗಲ್ ವಿಹಾರಕ್ಕೆ ಸಮಯ ಇಟ್ಟುಕೊಳ್ಳಿ. ಒಂದೇ ಬಂಡೆಯಲ್ಲಿ ಬುದ್ಧನ ನಾಲ್ಕು ಮೂರ್ತಿ. ಮಲಗಿರುವ ಮೂರ್ತಿ 14 ಮೀಟರ್ ಉದ್ದ. ತಲೆದಿಂಬು ಭಾರಕ್ಕೆ ಕುಸಿದ ಹಾಗೆ ಕೆತ್ತಿರುವುದನ್ನು ಹತ್ತಿರದಿಂದ ನೋಡಿ. ಅಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಗಾಡಿ ಹೋಗುತ್ತದೆ, ಅಮ್ಮನಿಗೆ ನಡಿಗೆ ಕಡಿಮೆ. ಸಂಜೆ ಪರಾಕ್ರಮ ಸಮುದ್ರದ ಏರಿಗೆ ಬನ್ನಿ. ಹೆಸರು ಸಮುದ್ರ, ಇರುವುದು ಕೆರೆ. ಬಿದ್ದ ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಕಡಲು ಸೇರಬಾರದು ಅಂದ ರಾಜ ಪರಾಕ್ರಮಬಾಹು ಕಟ್ಟಿಸಿದ್ದು, ಹನ್ನೆರಡನೇ ಶತಮಾನದಲ್ಲಿ. ಅದರ ಕೆಳಗೆ ಇವತ್ತಿಗೂ ಗದ್ದೆ ಮಾಡುತ್ತಾರೆ.

ಕೆಲವು ಎಚ್ಚರಿಕೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಚಪ್ಪಲಿ, ಟೋಪಿ ತೆಗೆಯಬೇಕು, ಹಾಗಾಗಿ ಎಲ್ಲರಿಗೂ ದಪ್ಪ ಸಾಕ್ಸ್ ಒಯ್ಯಿರಿ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅಲ್ಲಿನವರಿಗೆ ತುಂಬಾ ನೋವಾಗುತ್ತದೆ. ಬೆಳಿಗ್ಗೆ ಆರೂವರೆಗೆ ಹೊರಟು ಹತ್ತೂವರೆಗೆ ರೂಮಿಗೆ ಬನ್ನಿ, ಮತ್ತೆ ನಾಲ್ಕರ ನಂತರ ಹೊರಡಿ. ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟ್ ಕೈಯಲ್ಲಿರಲಿ, ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆಯಾ ಅಂತ ಕೇಳಿ. ಮೇ ಹುಣ್ಣಿಮೆ ವೆಸಾಕ್ ಹಬ್ಬ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಆದರೆ ಊರೆಲ್ಲ ಕಾಗದದ ದೀಪ, ರಸ್ತೆ ಬದಿಯಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ತಾರೀಖು ನೋಡಿ ಈಗಲೇ ಬುಕ್ ಮಾಡಿ.

ಸಸ್ಯಾಹಾರಿಗಳಾದರೆ ಚಟ್ನಿಯಂಥ ತೆಂಗಿನಕಾಯಿ ಸಂಬೋಲ ತಿನ್ನುವ ಮುಂಚೆ ಕೇಳಿ, ಒಣಮೀನಿನ ಪುಡಿ ಹಾಕಿರುತ್ತಾರೆ. ಅನ್ನ, ಬೇಳೆ ಸಾರಿನಂಥ ಪರಿಪ್ಪು, ಹಲಸಿನಕಾಯಿ ಪಲ್ಯ ಎಲ್ಲ ಕಡೆ ಸಿಗುತ್ತದೆ. ಎಮ್ಮೆ ಮೊಸರಿಗೆ ಬೈನೆ ಮರದ ಬೆಲ್ಲದ ಪಾಕ ಹಾಕಿ ಕೊಡುತ್ತಾರೆ, ಮಕ್ಕಳಿಗೆ ತಪ್ಪದೆ ಕೊಡಿಸಿ.

ಬೆಂತೊಟದ ಹೋಟೆಲ್ ದುಡ್ಡು ವಾಪಸ್ ಬರುತ್ತದಾ ಅಂತ ಏಜೆಂಟ್ ಹತ್ತಿರ ಇವತ್ತೇ ಕೇಳಿ. ಬರುವುದಿಲ್ಲ ಅಂದರೆ ಇಲ್ಲೇ ತಿಳಿಸಿ ಅಕ್ಕ. ಅನುರಾಧಪುರದಲ್ಲಿ ಎರಡು ರಾತ್ರಿ ಇಟ್ಟುಕೊಂಡೇ ಬೆಂತೊಟಕ್ಕೆ ಹೋಗುವ ಹಾಗೆ ಬೇರೆ ದಾರಿ ಬರೆದುಕೊಡುತ್ತೇನೆ. ಆಗ ಪೊಲೊನ್ನರುವ ಬಿಡಬೇಕಾಗುತ್ತದೆ.