ದುಂಡಗೆ ಹಾಕಿದ ಸಹಿಗಳು

ಕಳೆದ ಸಂಚಿಕೆಯ ಮಂಗೋಲಿಯಾ ಲೇಖನದಲ್ಲಿ ನಾವು ಪೀಕಿಂಗಿನಿಂದ, ಅಂದರೆ ಇಂದಿನ ಬೀಜಿಂಗಿನಿಂದ, ಚೀನಾವನ್ನಾಳಿದ ಮಂಚು ಅರಸರ ಚಿಂಗ್ ಸಾಮ್ರಾಜ್ಯದ ಕಾಲದ ಮಂಗೋಲ್ ದೊರೆಗಳನ್ನು ‘ಪೀಕಿಂಗಿನ ಸಂಬಳಗಾರರು’ ಎಂದು ಕರೆದಿದ್ದೆವು. ಓದುಗರೊಬ್ಬರಿಗೆ ಸಿಟ್ಟು ಬಂದಿದೆ. ಚಂಗೀಸ್ ಖಾನನ ವಂಶದವರು ಇನ್ನೂರು ವರ್ಷ ತಮ್ಮ ತಮ್ಮ ಸೀಮೆಯನ್ನು ತಾವೇ ಆಳಿದ್ದರಿಂದ ಅಲ್ಲಿನ ನುಡಿ, ಹುಲ್ಲುಗಾವಲು ಉಳಿದವು. ಊರವನೇ ಊರಾಳುವುದು ಹೊರಗಿನ ಅಧಿಕಾರಿ ಬಂದು ಆಳುವುದಕ್ಕಿಂತ ಮೇಲಲ್ಲವೇ ಎಂದು ನಾಲ್ಕು ಪುಟ ಬರೆದಿದ್ದಾರೆ. ಅಕ್ಷರ ಮುತ್ತಿನಂತಿದೆ. ಇಂಥ ಪತ್ರ ಬಂದ ದಿನ ನನಗೆ ಹಬ್ಬ.

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. 1911ರಲ್ಲಿ ರಷ್ಯಾದ ನೆರವು ಕೇಳಲು ಹೋದ ನಿಯೋಗದ ಮುಂದಾಳು ಹಂದ್‌ದೋರ್ಜ್ ದೊರೆಯೇ. ಆ ಡಿಸೆಂಬರಿನಲ್ಲಿ ಸ್ವಾತಂತ್ರ್ಯ ಸಾರಿದವರಲ್ಲೂ ದೊರೆಗಳಿದ್ದರು. ಒಪ್ಪಿದೆ.

ಆದರೆ ‘ತಾವೇ ಆಳಿದರು’ ಎಂಬಲ್ಲಿ ನನ್ನ ಪೆನ್ನು ನಿಲ್ಲುತ್ತದೆ. 1688ರಲ್ಲಿ ಪಡುವಣ ಮಂಗೋಲರಾದ ಝುಂಗಾರರ ಒಡೆಯ ಗಾಲ್ದನ್ ದಂಡೆತ್ತಿ ಬಂದಾಗ ಖಾಲ್ಖಾ ದೊರೆಗಳು, ಅಂದರೆ ಇಂದಿನ ಮಂಗೋಲಿಯಾ ಭಾಗದವರು, ದಕ್ಷಿಣಕ್ಕೆ ಓಡಿ ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿಯ ಆಸರೆ ಬೇಡಿದರು. 1691ರಲ್ಲಿ ದೋಲೋನ್ ನೋರ್‌ನಲ್ಲಿ ಅವನ ಮುಂದೆ ಮಂಡಿಯೂರಿದರು. ಆತ ಜಾಣ, ಖಾನ ಎಂಬ ಬಿರುದನ್ನು ಅಳಿಸಲಿಲ್ಲ. ಖಾನರು ಖಾನರಾಗಿಯೇ ಉಳಿದರು. ಅದರ ಮೇಲೆ ಮಂಚು ಪದವಿಗಳು, ವರ್ಷಕ್ಕಿಷ್ಟು ಬೆಳ್ಳಿ, ಇಷ್ಟು ರೇಷ್ಮೆ. ದೊರೆಗಳು ತಿರುಗಿ ಕೊಡಬೇಕಾದದ್ದು ‘ಒಂಬತ್ತು ಬಿಳಿ’, ಅಂದರೆ ಎಂಟು ಬಿಳಿ ಕುದುರೆ, ಒಂದು ಬಿಳಿ ಒಂಟೆ. ನೋಡಲು ಎಷ್ಟು ಅಗ್ಗದ ಕಪ್ಪ!

ಬೆಲೆ ತೆತ್ತದ್ದು ಬೇರೆ ಕಡೆ. ಖಾಲ್ಖಾ ನಾಡನ್ನು ‘ಹೊಶೂ’ ಎಂಬ ಸೀಮೆಗಳಾಗಿ ಸೀಳಿದರು. ಮೊದಲು 34 ಇದ್ದವು, ಮುಂದಿನ ಶತಮಾನದಲ್ಲಿ 86 ಆದವು. ಒಂದೊಂದಕ್ಕೂ ಒಬ್ಬ ಜಸಾಗ್, ಅಂದರೆ ವಂಶಪಾರಂಪರ್ಯದ ಆಳುವ ದೊರೆ. ತಂದೆಯ ಗದ್ದುಗೆ ಮಗನಿಗೆ ಬರುತ್ತಿತ್ತು, ಆದರೆ ಗಡಿನಾಡುಗಳನ್ನು ನೋಡಿಕೊಳ್ಳುತ್ತಿದ್ದ ಪೀಕಿಂಗಿನ ಲೀಫಾನ್ ಯುವಾನ್ ಕಚೇರಿಯ ಮೊಹರು ಬಿದ್ದ ಮೇಲೆ. ಅಪ್ಪಣೆಯಿಲ್ಲದೆ ದನಗಾಹಿ ಸೀಮೆಯ ಗಡಿ ದಾಟಿದರೆ ಶಿಕ್ಷೆ. ಮಳೆ ಹೋದತ್ತ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಜನಕ್ಕೆ ಇದೆಂಥ ಬೇಲಿ, ನೀವೇ ಯೋಚಿಸಿ. ದೊರೆಯ ಸ್ವಂತ ಚಾಕರಿಗೆಂದೇ ಕೆಲವು ಮನೆತನಗಳನ್ನು ಕಟ್ಟಿಹಾಕಿದ್ದರು. ಅವರಿಗೆ ‘ಖಾಮ್‌ಜಿಲ್ಗಾ’ ಎಂದು ಹೆಸರು. ಇನ್ನು ದೊರೆ ಪೀಕಿಂಗಿಗೆ ದರ್ಶನಕ್ಕೆ ಹೋಗಿ ಚೀನೀ ಸಾಹುಕಾರರಲ್ಲಿ ಮಾಡಿದ ಸಾಲವನ್ನು ತೀರಿಸುತ್ತಿದ್ದದ್ದು ಸೀಮೆಯ ಕುರಿಗಳು! ದಾ ಶೆಂಗ್ ಕುಯ್‌ಯಂಥ ವ್ಯಾಪಾರದ ಕೋಠಿಗಳು ಬೆಳೆದದ್ದು ಹೀಗೆ. ಹೊರಗಿನ ಅಧಿಕಾರಿಯನ್ನು ಊರಿಗೆ ಕಳಿಸುವ ಖರ್ಚೂ ಸಾಮ್ರಾಜ್ಯಕ್ಕೆ ಉಳಿಯಿತು, ಬೈಗುಳವೂ ಊರ ದೊರೆಗೇ ಬಿತ್ತು.

ಎದ್ದವರಿಲ್ಲವೇ? 1756ರಲ್ಲಿ ಚಿಂಗುನ್‌ಜಾವ್ ಎಂಬ ಕುಲೀನ ಎದ್ದ. ಅವನ ಕರೆಗೆ ಕಾವಲಿನವರು ಅಂಚೆಕುದುರೆಯ ಠಾಣ್ಯಗಳನ್ನು ಬಿಟ್ಟು ಮನೆಗೆ ನಡೆದರು. ದೊರೆಗಳಲ್ಲಿ ಹೆಚ್ಚಿನವರು ಮಾತ್ರ ಬೆಚ್ಚಗೆ ಕುಳಿತೇ ಇದ್ದರು. ಮರುವರ್ಷ ಅವನನ್ನು ಪೀಕಿಂಗಿನಲ್ಲಿ ಕೊಂದರು.

ಓದುಗರು ತೋಗ್ತೋಖ್‌ತೋರ್ ದೊರೆಯನ್ನು ಎತ್ತಿ ತೋರಿಸಿದ್ದಾರೆ. ಸರಿಯಾದ ಆಯ್ಕೆ, ಓದಿಕೊಂಡವರೆಂದು ಗೊತ್ತಾಗುತ್ತದೆ. ಜನರ ಬಾಯಲ್ಲಿ ‘ತೋ ವಾಂಗ್’. ಪ್ರಜೆಗಳ ಮಕ್ಕಳಿಗೆ ಶಾಲೆ ತೆರೆದ, ಬೇಸಾಯ ಮಾಡಿಸಿದ, 1853ರಲ್ಲಿ ಬದುಕು ಸಾಗಿಸುವ ಬಗೆಯನ್ನು ಪ್ರಜೆಗಳಿಗೆ ಬರೆದುಕೊಟ್ಟ. ಇಷ್ಟು ಮಾಡಿದವನ ಮೇಲೂ ಅವನ ಪ್ರಜೆಗಳೇ ತೆರಿಗೆ, ಬಿಟ್ಟಿದುಡಿಮೆ ತಾಳಲಾರದೆ ದೂರು ಕೊಟ್ಟಿದ್ದರು. ಈ ದೂರಿನ ಸಂಗತಿ ನಿಮ್ಮ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲವಲ್ಲ, ಯಾಕೆ ಸ್ವಾಮಿ?

ನನ್ನ ಮನಸ್ಸು ನಿಲ್ಲುವುದು ದೂರು ಕೊಟ್ಟವರಲ್ಲಿ. 19ನೇ ಶತಮಾನದ ನಡುವಿನಿಂದ, ಈಗ ಚೀನಾದೊಳಗಿರುವ ಒಳ ಮಂಗೋಲಿಯಾದ ಓರ್ಡೋಸ್ ಸೀಮೆಯ ದನಗಾಹಿಗಳು ದೊರೆಯ ಮೇಲೆ ಅರ್ಜಿ ಬರೆಯುವಾಗ ಹೆಸರುಗಳನ್ನು ಸಾಲಾಗಿ ಬರೆಯುತ್ತಿರಲಿಲ್ಲ, ಬಳೆಯಂತೆ ದುಂಡಗೆ ಬರೆಯುತ್ತಿದ್ದರು. ಮೊದಲ ಸಹಿ ಯಾರದೆಂದು ತಿಳಿದರೆ ತಾನೇ ತಲೆ ಹಾರಿಸುವುದು? ಇದಕ್ಕೆ ‘ದುಗುಯ್ಲಾಂಗ್’, ಎಂದರೆ ವೃತ್ತ, ಎಂಬ ಹೆಸರೇ ನಿಂತಿತು. ಆ ಕಾಗದವನ್ನು ನೆನೆದಾಗಲೆಲ್ಲ ನಮ್ಮ ಮಲೆನಾಡಿನ ನಗರ ಸೀಮೆಯ ರೈತರು ತೆರಿಗೆ ತಾಳಲಾರದೆ 1830ರಲ್ಲಿ ಸೇರಿದ ಕೂಟಗಳು ನೆನಪಾಗುತ್ತವೆ.

ಹುಲ್ಲುಗಾವಲು ಉಳಿಯಿತೆಂದಿರಿ. 1902ರ ಹೊತ್ತಿಗೆ ಪೀಕಿಂಗೇ ಹುಲ್ಲುನೆಲವನ್ನು ಉಳುವವರಿಗೆ ತೆರೆದುಕೊಟ್ಟಿತು, ನಿಜ. ಆದರೆ ಸಾಮ್ರಾಜ್ಯ ಬಿದ್ದು ಎಷ್ಟೋ ವರ್ಷಗಳ ಮೇಲೆ ಒಳ ಮಂಗೋಲಿಯಾದ ಖೋರ್ಚಿನ್ ಸೀಮೆಯ ದರ್ಹಾನ್ ದೊರೆ ಹುಲ್ಲುಗಾವಲು ಮಾರಲು ಹೊರಟಾಗ ತಡೆಯಲು ಹೋದವನು ಅದೇ ದೊರೆಯ ಊಳಿಗದಲ್ಲಿದ್ದ ಗಾದಾ ಮೆಯ್‌ರೆನ್. ಅರ್ಜಿ ಕೊಟ್ಟದ್ದಕ್ಕೆ ಸೆರೆಮನೆ. ಬಿಡಿಸಿ ತಂದವಳು ಹೆಂಡತಿ. 1931ರಲ್ಲಿ ಗುಂಡಿಗೆ ಬಲಿ. ಅವನ ಹಾಡು ಇಂದಿಗೂ ಅಲ್ಲಿ ಕೇಳುತ್ತದೆ. ದರ್ಹಾನ್ ದೊರೆಯ ಮೇಲೆ ಹಾಡು ಕಟ್ಟಿದವರನ್ನು ನಾನು ಕಾಣೆ.

ದೂರದ ಮಂಗೋಲರ ವಿಷಯಕ್ಕೆ ಈತನಿಗೇಕೆ ಇಷ್ಟು ಬಿಸಿ ಎಂದೀರಿ. ನಾನು ಶಾನುಭೋಗರ ಮನೆಯ ಮೊಮ್ಮಗ. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ 1963ರಲ್ಲಿ ದಫ್ತರ ಕೈಬಿಟ್ಟಾಗ ಅಜ್ಜ ಎರಡು ದಿನ ಊಟ ಬಿಟ್ಟರಂತೆ. ಬೀದಿಯ ಕೊನೆಯ ಮನೆಗಳಲ್ಲಿ ಆ ದಿನ ಪಾಯಸ ಮಾಡಿದ್ದರೆಂದು ನನಗೆ ಅಜ್ಜಿ ಹೇಳಿದ್ದು, ಅಜ್ಜ ಹೋದ ಮೇಲೆ, ಅದೂ ದನಿ ತಗ್ಗಿಸಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಾಗ ಆ ಪೂಜಾರಿ ಊರವನೇ ಆಗಿರುತ್ತಾನೆ ಎಂಬುದನ್ನು ಮರೆಯುತ್ತೇವೆ.

ಈ ಕಚೇರಿಗೆ ತಿಂಗಳಿಗೆ ಎಷ್ಟು ವಂಶಾವಳಿಗಳು ಬರುತ್ತವೆಂದು ಹೇಳಿದರೆ ನಂಬಲಾರಿರಿ. ಎಲ್ಲರ ಮುತ್ತಾತನೂ ಪಾಳೆಯಗಾರ, ಇಲ್ಲವೇ ಅವನ ದಳವಾಯಿ. ಕುದುರೆಗೆ ಹುಲ್ಲು ಹಾಕಿದವನ ಮೊಮ್ಮಕ್ಕಳು ಯಾರೂ ಬರೆಯುವುದಿಲ್ಲ. ಅಚ್ಚಾಗಲಿಲ್ಲವೆಂದು ಚಂದಾ ನಿಲ್ಲಿಸಿದವರೂ ಇದ್ದಾರೆ.

ನಿಮ್ಮ ಪತ್ರದ ಕೊನೆಗೆ, ಮನೆಯ ಅಟ್ಟದಲ್ಲಿ ಹಳೆಯ ಕಾಗದದ ಕಟ್ಟೊಂದಿದೆ, ಮನೆತನದ ಸನದುಗಳನ್ನು ಕಳಿಸಲೇ ಎಂದು ಕೇಳಿದ್ದೀರಿ. ಸನದು ಅಟ್ಟದಲ್ಲೇ ಇರಲಿ. ಅದೇ ಕಟ್ಟಿನಲ್ಲಿ ನಿಮ್ಮ ಹಿರಿಯರ ಮೇಲೆ ಊರವರು ಬರೆದ ತಕರಾರಿನ ಅರ್ಜಿ ಒಂದಾದರೂ ಸಿಕ್ಕರೆ ದಯವಿಟ್ಟು ನಕಲು ಮಾಡಿಸಿ ಕಳಿಸಿ. ಅಂಚೆ ವೆಚ್ಚ ನಮ್ಮದು.